ತಲೆಯ ಮೇಲಿನ ರೈಲು ಹಳಿ

ಅರಸೀಕೆರೆಗೆ ಬಂದ ದಿನ ಮಧ್ಯಾಹ್ನ ಸಾಮಾನು ಇಳಿಸಿ, ಬಾಡಿಗೆ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿದೆ. ಕಣ್ಣು ಬಿಟ್ಟರೆ ತಲೆಯ ಮೇಲೆ ರೈಲು ಹಳಿ. ಒಂದಲ್ಲ, ಗೋಡೆಯಿಂದ ಗೋಡೆಗೆ ಸಾಲಾಗಿ ಹಲವು; ಅವುಗಳ ಮೇಲೆ ಹಲಗೆ. ಹಳಿಗೂ ನನಗೂ ನಡುವೆ ರೈಲು ಬರುವ ಸಂಭವವಿಲ್ಲವೆಂದು ಖಚಿತಪಡಿಸಿಕೊಂಡು ನಿದ್ದೆ ಹೋದೆ.

ನಾವು ಬಿಟ್ಟುಬಂದ ಧಾರವಾಡದಲ್ಲಿರುವ ನಿಮಗೆ ಹಿನ್ನೆಲೆ ಹೇಳಬೇಕು. ನನ್ನ ಹೆಂಡತಿ ಶಾರದಾ ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳಿಗೆ ಇಲ್ಲಿಗೆ ವರ್ಗವಾಯಿತು. ನಾನು ಕಟ್ಟಡಗಳ ಕಂಬ, ತೊಲೆಗಳ ಲೆಕ್ಕ ಹಾಕಿಕೊಡುವ ಇಂಜಿನಿಯರು. ಕಂಪ್ಯೂಟರು ಇದ್ದಲ್ಲೇ ನನ್ನ ಕಚೇರಿಯಾದ್ದರಿಂದ ಗಂಟುಮೂಟೆಗಳ ಜೊತೆ ನಾನೂ ವರ್ಗವಾದೆ. ಶಾರದಾ ಮೊದಲೇ ಬಂದು, ತಿಂಗಳುಗಟ್ಟಲೆ ಅಲೆದು ಹಿಡಿದ ಮನೆ ಇದು. ಪಕ್ಕದ ಭಾಗದಲ್ಲೇ ಮನೆಯೊಡತಿ ಜಯಮ್ಮನವರ ವಾಸ.

ಭಾಷೆಯಿಂದ ಹೆಚ್ಚು ತೊಂದರೆಯಾಗಲಿಲ್ಲ. ನಮ್ಮಲ್ಲಿ ‘ಏನಲೇ’ ಅನ್ನುವ ಕಡೆ ಇಲ್ಲಿ ‘ಏನ್ಲಾ’, ಸಲುಗೆ ಒಂದೇ. ಊಟ ಮಾತ್ರ ಬೇರೆ ದೇಶ. ಅಲ್ಲಿ ಖಡಕ್ ರೊಟ್ಟಿ ಮುರಿದರೆ ಪಕ್ಕದ ಮನೆಗೆ ಕೇಳುತ್ತದೆ; ಇಲ್ಲಿ ರಾಗಿಮುದ್ದೆ ಮೌನವ್ರತದಲ್ಲಿ ಇಳಿಯುತ್ತದೆ. ನಾನು ಅದನ್ನು ಅಗಿಯುವುದನ್ನು ಕಂಡು ಜಯಮ್ಮ ಮುಖ ಆಚೆ ತಿರುಗಿಸಿದರು.

“ಅಗೀಬ್ಯಾಡಿ ಕಣ್ರೀ, ನುಂಗಿ. ನೋಡಕ್ಕಾಗಲ್ಲ.”

ಹಳಿಗಳ ಮೇಲಿನದು ಅಟ್ಟ. ನಮ್ಮಲ್ಲಿ ಅಟ್ಟವೆಂದರೆ ಮುರಿದ ತೊಟ್ಟಿಲು, ತೂತಾದ ಹಂಡೆ. ಇಲ್ಲಿ ಅದು ತೆಂಗಿನಕಾಯಿಗಳ ಆಶ್ರಮ. ಹೆಚ್ಚುಕಡಿಮೆ ಒಂದು ವರ್ಷ ಅಲ್ಲಿ ಸುಮ್ಮನೆ ಬಿದ್ದುಕೊಂಡು, ಒಳಗಿನ ನೀರು ಇಂಗಿ, ಕಾಯಿ ತಾನಾಗಿಯೇ ಕೊಬ್ಬರಿಯಾಗುತ್ತದೆ. ಯಾರೂ ಏನೂ ಮಾಡಬೇಕಿಲ್ಲ, ಅಷ್ಟು ದಿನ ಹೊರುವ ತೊಲೆ ಬೇಕು. ರೈಲ್ವೆ ಜಂಕ್ಷನ್ನಿನ ಊರಲ್ಲವೇ, ಜಯಮ್ಮನ ಮಾವನವರು ಹರಾಜಿಗೆ ಬಂದ ಸವೆದ ಹಳಿಗಳನ್ನೇ ತಂದು ತೊಲೆ ಮಾಡಿಸಿದ್ದರು.

ಈ ವರ್ಷ ಜಾವಗಲ್ಲಿನಿಂದ ಜಯಮ್ಮನ ತಮ್ಮ ಶಿವಣ್ಣ ಬಂದು, ತಮ್ಮ ಮನೆಯ ಅಟ್ಟ ಹಾಳಾಗಿರುವುದರಿಂದ ತಮ್ಮ ತೋಟದ ಕಾಯಿಯನ್ನೂ ಇದೇ ಅಟ್ಟಕ್ಕೆ ಏರಿಸುವುದಾಗಿ ಹೇಳಿದರು. ಅಟ್ಟ ತಡೆಯದಿದ್ದರೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವುದಂತೆ.

“ಹಳೇ ಕಂಬಿ ಎಷ್ಟು ದಿನಾಂತ ಹೊರ್ತೈತೆ ಅಕ್ಕ? ಒಡ್ದಾಕು.”

“ಇದೇ ಕಂಬಿ ಕೆಳ್ಗೆ ನಿನ್ನ ಮದ್ವೆ ಊಟ ಹಾಕಿದ್ದು ಕಣೋ. ಆವತ್ತು ಹೊಸ ಕಂಬಿ ಇತ್ತಾ?” ಎಂದ ಜಯಮ್ಮ ನನ್ನತ್ತ ತಿರುಗಿದರು. “ಇಂಜಿನಿಯರ್ರೇ, ನೀವೇ ಹೇಳಿ. ನನ್ನ ಮನೆ ಉಳೀತೈತೋ ಇಲ್ವೋ?”

ಮನೆ ಉಳಿಯದಿದ್ದರೆ ಶಾರದಾ ಮತ್ತೆ ಅಲೆಯಬೇಕು. ನಿಷ್ಪಕ್ಷಪಾತ ತನಿಖೆಗೆ ಇದಕ್ಕಿಂತ ತಕ್ಕ ಸನ್ನಿವೇಶ ಸಿಗದು. ಒಪ್ಪಿಕೊಂಡೆ.

ನಮ್ಮ ಸಾಫ್ಟ್‌ವೇರಿಗೆ ಮೊದಲು ತೊಲೆಯ ಅಡ್ಡಕೊಯ್ತ ತಿಳಿಸಬೇಕು. ಅಂದರೆ ಸೌತೆಕಾಯಿ ಹೆಚ್ಚಿದಂತೆ ತೊಲೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖ. ಆಯತ, ವೃತ್ತ, ಇಂಗ್ಲಿಷಿನ ಐ, ಟಿ ಅಕ್ಷರಗಳಂಥವು ಪಟ್ಟಿಯಲ್ಲಿ ಸಿದ್ಧವಾಗಿರುತ್ತವೆ. ಸವೆದ ಹಳಿ ಅದರಲ್ಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ನಾವೇ ಚುಕ್ಕಿ ಚುಕ್ಕಿ ಸೇರಿಸಿ ಬಿಡಿಸಬೇಕು. ಹಿತ್ತಲ ಗೋಡೆಯಿಂದ ಹಳಿಯೊಂದರ ತುದಿ ಹೊರಚಾಚಿತ್ತು. ಜಯಮ್ಮ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು. ಹಗ್ಗ ಬಿಚ್ಚಿ, ತುದಿಗೆ ಕಾಗದ ಒತ್ತಿ, ಪೆನ್ಸಿಲು ಉಜ್ಜಿ ಅಂಚು ಮೂಡಿಸಿಕೊಂಡೆ. ಹಳಿಯ ತಲೆ ಒಂದು ಪಕ್ಕ ಹೆಚ್ಚು ಸವೆದಿತ್ತು. ಯಾವುದೋ ತಿರುವಿನಲ್ಲಿ ದುಡಿದದ್ದಿರಬೇಕು.

ಆ ಭಾನುವಾರ ಬೇಲೂರು, ಹಳೇಬೀಡು ನೋಡಿ ಬಂದೆವು. ಪ್ರಪಂಚವೆಲ್ಲ ಗೋಡೆಯ ಶಿಲ್ಪ ನೋಡುತ್ತಿತ್ತು. ನಾನು ಕತ್ತೆತ್ತಿ ತೊಲೆ ನೋಡಿದೆ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಯ ಕಂಬಗಳ ಅಡ್ಡಕೊಯ್ತವೂ ನನ್ನ ಪಟ್ಟಿಯಲ್ಲಿರಲಿಲ್ಲ. ಸಮಾಧಾನವಾಯಿತು.

ಇನ್ನು ಹೊರೆ. ಬೇಲೂರಿನಲ್ಲಿ ಪೂಜೆಗೆ ಕೊಂಡು ಉಳಿದಿದ್ದ ಕಾಯಿಯನ್ನು ತಕ್ಕಡಿಗಿಟ್ಟು, ಅದರ ತೂಕದಿಂದ ಅಕ್ಕ, ತಮ್ಮ ಇಬ್ಬರ ತೋಟದ ಫಸಲನ್ನೂ ಲೆಕ್ಕ ಹಾಕಿದೆ. ಅಟ್ಟ ಸಲೀಸಾಗಿ ತಡೆಯುತ್ತದೆ. ಎದ್ದು ನಿಂತು ತೀರ್ಪು ಓದಿದೆ. ಜಯಮ್ಮ ಒಬ್ಬಟ್ಟು ಕೊಟ್ಟರು.

ಮರುದಿನವೇ ಶಿವಣ್ಣನ ಟ್ರ್ಯಾಕ್ಟರು ಬಂತು. ಬಾಗಿಲಲ್ಲಿ ನಿಂತಿದ್ದ ಶಾರದಾ ಕರೆದಳು.

“ಏನ್ರೀ, ನೀವು ತೂಗಿದ್ದು ಜುಟ್ಟಿನ ಕಾಯಿ ಅಲ್ಲೇನು? ಇವು ಕಂಬಳಿ ಹೊತಗೊಂಡು ಬಂದಾವು ನೋಡ್ರಿ.”

ಟ್ರ್ಯಾಕ್ಟರಿನ ತುಂಬ ಸಿಪ್ಪೆ ಸುಲಿಯದ ಕಾಯಿ. ಇಲ್ಲಿ ಅಟ್ಟ ಹತ್ತುವುದು ಸಿಪ್ಪೆ ಸಮೇತವೇ. ಧಾರವಾಡದಲ್ಲಿ ಹುಟ್ಟಿದವನಿಗೆ ಕಾಯಿ ಎಂದರೆ ದೇವಸ್ಥಾನದ ಎದುರಿನ ಅಂಗಡಿಯಲ್ಲಿ ಜುಟ್ಟು ಬಿಟ್ಟುಕೊಂಡು ಕೂತದ್ದು. ಅದಕ್ಕೆ ಹಿಂದೊಂದು ಮೈಯಿತ್ತೆಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಅಟ್ಟವನ್ನೂ ನಾನು ಹತ್ತಿ ನೋಡಿರಲಿಲ್ಲ. ಇಳಿಸಬೇಡಿ ಎಂದೆ.

“ಏನ್ ಸಾರ್, ನಿನ್ನೆ ತಡೀತೈತೆ ಅಂದ್ರಿ. ರಾತ್ರಿ ಕಂಬಿ ಸವೀತಾ?” ಎಂದರು ಶಿವಣ್ಣ.

“ಕಂಬಿ ಸರಿಯಾಗಿದೆ. ನನ್ನ ಕಾಯಿ ತಪ್ಪು.”

“ಹಂಗಾರೆ ಕೆಡವಿಸ್ತೀನಿ.”

ಜಯಮ್ಮ ಹಿತ್ತಲಿಗೆ ಹೋಗಿ, ನಾನು ಬಿಚ್ಚಿದ್ದ ಹಗ್ಗವನ್ನು ಮತ್ತೆ ಹಳಿಯ ತುದಿಗೆ ಕಟ್ಟತೊಡಗಿದರು.

ಸಿಪ್ಪೆಯ ಕಾಯಿ ತೂಗಿ ಮತ್ತೆ ಕೂತೆ. ಅಟ್ಟದ ತುಂಬ ಹರಡಿದರೆ ತಡೆಯದು. ಆದರೆ ಗೋಡೆಗಳ ಪಕ್ಕದ ಹೊರೆಯನ್ನು ಗೋಡೆಯೇ ಹೆಚ್ಚಾಗಿ ಹೊರುತ್ತದೆ. ಹಳಿಗೆ ಕಷ್ಟವಾಗುವುದು ನಡುವೆ. ಎರಡು ಗೋಡೆಗೂ ಒತ್ತಿ ರಾಶಿ ಹಾಕಿ ನಡುವೆ ಖಾಲಿ ಬಿಟ್ಟರೆ ಜಯಮ್ಮನ ಕಾಯಿ ಪೂರ್ತಿ, ಶಿವಣ್ಣನದು ಅರ್ಧ ಹಿಡಿಯುತ್ತದೆ.

“ಮಿಕ್ಕಿದ್ದು?” ಎಂದರು ಶಿವಣ್ಣ.

“ನಿನ್ನ ಅಟ್ಟ ರಿಪೇರಿ ಮಾಡ್ಸು. ಅರ್ಧ ಕಾಯಿಗೆ ಯಾರಾದ್ರೂ ಮನೆ ಕೆಡವ್ತಾರೇನ್ಲಾ?” ಎಂದರು ಜಯಮ್ಮ.

ಮನೆ ಉಳಿಯಿತು. ನಾವೂ ಉಳಿದೆವು.

ಲೆಕ್ಕದಲ್ಲಿ ಕಂಡ ಇನ್ನೊಂದು ಸಂಗತಿಯನ್ನು ಅವರಿಗೆ ಹೇಳಲಿಲ್ಲ. ಒಂದೇ ಪಕ್ಕ ಸವೆದ ಹಳಿಯ ಮೇಲೆ ಭಾರ ಎಷ್ಟೇ ನೇರವಾಗಿ ಬಿದ್ದರೂ ಅದು ನೇರವಾಗಿ ಬಾಗುವುದಿಲ್ಲ. ಚೂರು ಪಕ್ಕಕ್ಕೂ ಸರಿಯುತ್ತದೆ. ಅಪಾಯವೇನಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಈಗ ಮುದ್ದೆಯನ್ನು ಅಗಿಯದೆ ನುಂಗುತ್ತೇನೆ. ಬಸ್ಸಿನಲ್ಲಿ ಯಾರಾದರೂ ಯಾವೂರು ಎಂದರೆ ಅರಸೀಕೆರೆ ಎಂದು ನೇರವಾಗಿಯೇ ಹೇಳುತ್ತೇನೆ. ಕೇಳಿದವರು ನನ್ನ ಮಾತಿನ ಧಾಟಿ ಹಿಡಿದು, “ಅಲ್ಲ ಸಾರ್, ಅದಕ್ಕೂ ಮುಂಚೆ?” ಅನ್ನುತ್ತಾರೆ.