ನೀಲವ್ವ ಕುದಿಸಿದ ಮಣ್ಣು

ನೀಲವ್ವ ಕೊಳೆತ ಕಸದ ಗುಂಡಿಯಲ್ಲಿ ಮೊಣಕೈತನಕ ಕೈ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಕೂತು, ಆಮೇಲೆ ಹೊರಗೆ ತೆಗೆದು ಮೂಸಿ ನೋಡುತ್ತಿದ್ದಳು. ನಾವು ಸೌಟಿನಿಂದ ಅಂಗೈಗೆ ಒಂದು ಹನಿ ಸಾರು ಹಾಕಿಕೊಂಡು ರುಚಿ ನೋಡುವುದಿಲ್ಲವೆ, ಹಾಗೆ. "ಇನ್ನಾ ಕುದ್ದಿಲ್ಲವಾ," ಅನ್ನುತ್ತಿದ್ದಳು. ಇಲ್ಲವೆ, "ಭಾಳ ಕಾವಾಗೇದ, ತಿರುವಿ ಹಾಕಬೇಕು." ಆ ಕೈ ತೊಳೆಯದೆ ನನ್ನ ಹೊಸ್ತಿಲು ದಾಟಬೇಡ ಎಂದು ನಾನು ಮುಖಕ್ಕೇ ಹೇಳುತ್ತಿದ್ದೆ. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ತೊಳೆದುಕೊಂಡೇ ಬರುತ್ತಿದ್ದಳು.

ಇದು ಐವತ್ತರ ದಶಕದ ಮಾತು. ಗೋರೆಗಾಂವಿನ ಚಾಳಿನಲ್ಲಿ ಅವಳ ಖೋಲಿಗೂ ನಮ್ಮ ಖೋಲಿಗೂ ಒಂದೇ ಗೋಡೆ. ನಾನು ಧಾರವಾಡದವಳು, ಅವಳು ವಿಜಾಪುರದ ಹಳ್ಳಿಯವಳು. ಗಂಡ ರೈಲ್ವೆ ಗೋದಾಮಿನಲ್ಲಿದ್ದ. ಅವನಿಗೆ ಮಾತು ಕಡಿಮೆ. ಮನೆಯ ಮಾತೆಲ್ಲ ನೀಲವ್ವನ ಪಾಲಿಗೇ ಬಂದಿತ್ತು. ಚಾಳಿನ ಹಿಂದೆ, ಗೋಡೆಗೂ ಗಟಾರಕ್ಕೂ ನಡುವೆ, ಒಂದೆರಡು ಸೀರೆ ಹಾಸಿದಷ್ಟು ಜಾಗವಿತ್ತು. ಇಟ್ಟಿಗೆ ಚೂರು, ಸುಣ್ಣದ ಹೆಂಟೆ, ಜಲ್ಲಿಯಂಥ ಮುರುಮು. ಹುಲ್ಲು ಕೂಡ ಅಲ್ಲಿ ಮನಸ್ಸಿಲ್ಲದೆ ಹುಟ್ಟುತ್ತಿತ್ತು.

ಆ ಜಾಗದ ಮೇಲೆ ಅವಳ ಕಣ್ಣು ಬಿದ್ದದ್ದು ಎಳ್ಳಮಾಸಿಯ ಸಲುವಾಗಿ. ಆ ಅಮಾವಾಸ್ಯೆಗೆ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿ ಬಸುರಿ, ಅವಳಿಗೆ ಉಣ್ಣಿಸಬೇಕು ಎಂದು ಅಡಿಗೆಯನ್ನೆಲ್ಲ ಕಲಸಿ ಬೆಳೆಯ ತುಂಬ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ನೀಲವ್ವನ ತವರಿಗೆ ಹೊಲವಿರಲಿಲ್ಲ, ಗಂಡನ ಮನೆಗೂ ಇರಲಿಲ್ಲ.

"ನಮ್ಮಪ್ಪ ಸಾಯೂತನಕ ಮಂದಿ ಹೊಲದಾಗ ಚರಗ ಚೆಲ್ಲಿದ. ನಾ ಒಮ್ಮೆರೆ ನನ್ನ ಹೊಲದಾಗ ಚೆಲ್ಲತೀನಿ, ನೋಡವಾ," ಎಂದಳು.

"ಇದೇನ ಹೊಲಾ? ಇಲ್ಲೆ ಒಂದ ಎಮ್ಮಿ ಮಲಗಿದ್ರ ಬಾಲ ಗಟಾರದಾಗ ಬೀಳತೈತಿ," ಅಂದೆ.

"ಬಾಲ ಬೀಳಲಿ. ಎಮ್ಮಿ ನನ್ನ ಹೊಲದಾಗ ಇರತದಲ್ಲಾ!"

ಚಾಳಿನ ಮಾಲೀಕ ಸೇಠನ ಗುಮಾಸ್ತ ಮೆಹತಾಜಿ ಅಲ್ಲಿ ಪತ್ರಾ ತಗಡಿನ ಶೆಡ್ ಹಾಕುವ ಮಾತಾಡುತ್ತಿದ್ದ. ನೀಲವ್ವ ಅಡ್ಡ ನಿಂತಳು. ಅವನು ಚಪ್ಪಲಿಯಿಂದ ಮುರುಮು ಕೆದರಿ, "ಅರೆ ಬಾಯಿ, ಪತ್ಥರ್ ಹೈ. ಇಸ್ ಮೇ ಕ್ಯಾ ಉಗೇಗಾ?" ಎಂದ, ಈ ಕಲ್ಲಿನಲ್ಲಿ ಏನು ಬೆಳೆದೀತು ಎಂದು.

"ಉಗಾಕೆ ದಿಖಾತಿ," ಎಂದಳು.

"ದಿಖಾವ್. ಸಂಕ್ರಾಂತ್ ತಕ್ ದಿಖಾವ್, ಮೈ ಸೇಠ್ ಕೋ ಬೋಲೂಂಗಾ." ಬೆಳೆದು ತೋರಿಸಿದರೆ ಸೇಠನಿಗೆ ಹೇಳಿ ಜಾಗ ಬಿಡಿಸಿಕೊಡುತ್ತೇನೆ ಎಂದು ಅವನ ಮಾತಿನ ಅರ್ಥ. ಅವನು ನಗುತ್ತ ಹೇಳಿ ಹೋದ. ಅವಳು ಅದನ್ನು ಗಟ್ಟಿ ಮಾತೆಂದೇ ಹಿಡಿದಳು.

ಅವತ್ತಿನಿಂದ ಮನೆಮನೆಗೆ ತಗಡಿನ ಡಬ್ಬ ಹಿಡಿದು ಬಂದಳು. ಕಾಯಿಪಲ್ಲೆಯ ಸಿಪ್ಪೆ, ಚಹಾದ ಗಸಿ, ಹಳಸಿದ ರೊಟ್ಟಿ, ಏನಿದ್ದರೂ ಕೊಡಿ ಎನ್ನುವಳು. ಸ್ಟೇಷನ್ನಿನ ಹತ್ತಿರದ ಕಬ್ಬಿನ ಹಾಲಿನವನಿಂದ ಹಿಂಡಿದ ಸಿಪ್ಪೆ ತಂದಳು. ಎಮ್ಮೆಗಳ ತಬೇಲಾದ ಭೈಯಾ ಸಗಣಿಯನ್ನು ಕುಳ್ಳು ತಟ್ಟಿ ಮಾರುತ್ತಿದ್ದ. ಅವನ ಜೊತೆ ಜಗಳಾಡಿ ಬುಟ್ಟಿ ತುಂಬಿಸಿಕೊಂಡು ಬಂದಳು. ಮಾಳಿಗೆಯ ಗಿರಿಜಾ ಉಡುಪಿಯವಳು, ಮೀನಿನ ತಲೆಗಳನ್ನು ಹಿಡಿದು ಇಳಿದುಬಂದಳು.

"ಇದನ್ನು ಹಾಕು ಮಾರಾಯ್ತಿ, ನಿನ್ನ ಬದನೆ ತೆಂಗಿನ ಮರದಷ್ಟು ಎತ್ತರ ಆಗ್ತದೆ."

ಕೊರಳಲ್ಲಿ ಲಿಂಗ ಕಟ್ಟಿದ ನೀಲವ್ವ ಹಿಂದೆ ಸರಿದು, "ಬ್ಯಾಡ ಯವ್ವಾ, ನನ್ನ ಹೊಲಾ ಶಾಕಾಹಾರಿ," ಎಂದಳು.

ಇಷ್ಟೆಲ್ಲ ಮಾಡಿದವಳು ಒಂದು ತಪ್ಪು ಮಾಡಿದಳು. ಊರಿನ ತಿಪ್ಪೆಗೆ ದಿನವೂ ಒಲೆಯ ಬೂದಿ ಬೀಳುತ್ತದೆ, ಬೂದಿ ಬಿದ್ದಷ್ಟೂ ಬೆಳೆ ಚೆನ್ನ. ಆ ಲೆಕ್ಕ ಹಿಡಿದು ಚಾಳಿನ ಎಲ್ಲ ಶೇಗಡಿ ಒಲೆಗಳ ಬೂದಿಯನ್ನು ಗುಂಡಿಗೆ ಸುರಿದಳು. ಮೊದಲ ಮಳೆಗೆ ಆ ಗೊಬ್ಬರ ಹರಡಿ ಬದನೆ, ಮೆಂತ್ಯ ಹಾಕಿದಳು. ಮೊಳಕೆಯೇನೋ ಬಂತು. ಎಲೆಯ ಅಂಚು ಸುಟ್ಟಂತಾಗಿ, ಶ್ರಾವಣದೊಳಗೆ ಎಲ್ಲ ಸತ್ತವು. ಮೆಹತಾಜಿ ನೋಡಿ, "ಬೋಲಾ ಥಾ ನಾ?" ಎಂದು ಹೋದ. ಅವಳು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಚಾಳಿಗೆ ಒಳ್ಳೆಯ ವಿಶ್ರಾಂತಿ ಸಿಕ್ಕಿತು.

ಮೂರನೆಯ ದಿನ ನಳದ ಬಳಿ ಶೇಗಡಿಯ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದವಳು ಥಟ್ಟನೆ ನಿಲ್ಲಿಸಿ ಬೆರಳಿಗೆ ಬೆರಳು ಉಜ್ಜಿಕೊಂಡಳು.

"ಕಟಗಿ ಬೂದಿ ಆಗಿದ್ರ ಕೈಯಾಗ ಜಾರತಿತ್ತವಾ. ಇದು ಗರಗರ ಅಂತದ. ಇವರು ಇಲ್ಲೆ ಸುಡೂದು ಕಲ್ಲು! ಕಲ್ಲ ಬೂದಿ ಉಣ್ಣಿಸಿ ಕೊಂದೆ ನಾನು." ಚಾಳಿನಲ್ಲಿ ನಾವೆಲ್ಲ ಕಲ್ಲಿದ್ದಲಿನ ಮೇಲೆ ಅಡಿಗೆ ಮಾಡುವವರು. ಅವಳೂ ಅದರ ಮೇಲೇ ರೊಟ್ಟಿ ಸುಡುತ್ತಿದ್ದಳು. ಆದರೂ ಕೈ ಊರಿನದೇ ಉಳಿದಿತ್ತು.

ಗುಂಡಿಯನ್ನು ತಳದತನಕ ಬಳಿದು ಚೆಲ್ಲಿ ಮತ್ತೆ ಶುರು ಮಾಡಿದಳು. ಹಸಿ ಸಿಪ್ಪೆಯ ಮೇಲೆ ಒಣ ಎಲೆ, ಅದರ ಮೇಲೆ ಹಿಡಿ ಸಗಣಿ. ಮಳೆ ನೀರು ಇಳಿಯದಂತೆ ಗೋಣಿ, ಗೋಣಿಯ ಮೇಲೆ ಮುರಿದ ಬಾಗಿಲು. ಮಳೆ ಬಿಟ್ಟಾಗೆಲ್ಲ ತಿರುವಿ ಹಾಕುವಳು. ನಾತ ಬರುತ್ತದೆ ಎಂದು ಚಾಳಿನವರು ದೂರಿದಾಗ ಒಂದು ಮುಷ್ಟಿ ತಂದು ಒಬ್ಬೊಬ್ಬರ ಮೂಗಿಗೂ ಹಿಡಿದಳು. ಕಾಳಿನ ಹಗೇವು ತೆಗೆದಂಥ ವಾಸನೆ ಅಂತ ಅವಳ ಅಂಬೋಣ. ನನಗೆ ಏನೂ ವಾಸನೆ ಬರಲಿಲ್ಲ. ಆ ಗಟಾರದ ಪಕ್ಕ ಅದೇ ದೊಡ್ಡ ಮಾತು.

ದಸರೆಯ ಹೊತ್ತಿಗೆ ಮುರುಮಿನ ಮೇಲೆ ಗೇಣು ದಪ್ಪ ಕಪ್ಪು ಮಣ್ಣು ಹರಡಿತ್ತು. ಬಿಳಿಜೋಳ ಬಿತ್ತಿದಳು, ಅಂಚಿಗೆ ಮೆಂತ್ಯ. ಎಳ್ಳಮಾಸಿಗೆ ಜೋಳ ನಮ್ಮ ಕಿಟಕಿ ಮುಚ್ಚಿ ತೆನೆ ಹಾಕಿತ್ತು. ನನ್ನ ಮನೆಗೆ ಬೆಳಕು ಬರುವುದಿಲ್ಲ ಎಂದು ನಾನು ಅಂದದ್ದೂ ನಿಜ.

ಆ ದಿನ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಜೋಳದ ಬುಡದಲ್ಲಿ ಇಟ್ಟಳು. ಸಜ್ಜೆ ರೊಟ್ಟಿ, ಕಡುಬು, ಭಜ್ಜಿಪಲ್ಲೆ. ಚಾಳಿನ ಹೆಂಗಸರೆಲ್ಲ ಬಂದರು. ಅರ್ಧ ಜನ ಹೊಲದಲ್ಲಿ, ಅರ್ಧ ಜನ ಗಟಾರದ ಆಚೆ. ನೀಲವ್ವ ಸೆರಗು ಬಿಗಿದು, ಅವರಪ್ಪ ದೊಡ್ಡ ಹೊಲಗಳಲ್ಲಿ ಬೀಸುತ್ತಿದ್ದಂತೆಯೇ ಕೈ ಬೀಸಿದಳು. ಚರಗ ಹೊಲ ದಾಟಿ, ಗಟಾರ ದಾಟಿ, ಆಗಷ್ಟೇ ಬರುತ್ತಿದ್ದ ಮೆಹತಾಜಿಯ ಧೋತರದ ಮೇಲೆ ಬಿತ್ತು. ಗಿರಿಜಾ ಬಾಯಿಗೆ ಸೆರಗು ಹಿಡಿದಳು.

ಅವನು ಸಿಟ್ಟಾಗಲಿಲ್ಲ. ಒಂದು ತೆನೆ ಹಿಡಿದು ನೋಡಿ ಬಿಟ್ಟ. ನೆಲ ನೋಡುತ್ತ, "ಮೈನೆ ಬೋಲಾ ಥಾ, ಬಾಯಿ. ಸೇಠ್ ನಹೀ ಮಾನಾ," ಎಂದ. ಸೇಠ ಒಪ್ಪಿರಲಿಲ್ಲ, ಶೆಡ್ ಬರುವುದು ಖಾತ್ರಿಯಾಯಿತು. ಹೆಂಗಸರು ಅವನ ಮೇಲೆ ಹರಿಹಾಯ್ದರು. ನೀಲವ್ವ ಎಲೆ ಹಾಸಿ, "ಬೈಠ್. ಮದ್ಲ ಉಣ್ಣು. ನನ್ನ ಚರಗ ಆತು," ಎಂದಳು. ಅವನು ತಲೆ ಎತ್ತದೆ ಉಂಡ.

ಅವಳ ಗಂಡನಿಗೆ ಆಂಟಾಪ್ ಹಿಲ್‌ನಲ್ಲಿ ರೈಲ್ವೆಯವರ ಖೋಲಿ ಸಿಕ್ಕು ತಿಂಗಳುಗಳಾಗಿದ್ದವು. ಹೊಲದ ಸಲುವಾಗಿ ಅವಳೇ ತಡೆದಿದ್ದಳು. ಈಗ ಹೂಂ ಅಂದಳು. ಹೊರಡುವ ಮುನ್ನ ಜೋಳ ಕೊಯ್ದು, ಮುರುಮು ಕಾಣುವತನಕ ಮಣ್ಣು ಬಳಿದು ಗೋಣಿಚೀಲಗಳಿಗೆ ತುಂಬಿದಳು. ಮೆಹತಾಜಿ ತಡೆಯಲು ಬಂದರೆ, "ನೆಲಾ ಸೇಠಂದು. ಮಣ್ಣು ನಂದು," ಎಂದಳು. ಅವನಿಗೆ ಕನ್ನಡ ಎಷ್ಟು ತಿಳಿಯಿತೋ, ದಾರಿ ಬಿಟ್ಟ.

ಲಾರಿಯಲ್ಲಿ ಜಾಗ ಸಾಲದೆ ಗಂಡ ಮಂಚವನ್ನು ನಮ್ಮ ಪಡಸಾಲೆಯಲ್ಲಿ ಬಿಟ್ಟ. ಆಮೇಲೆ ಯಾರೂ ಅದನ್ನು ಒಯ್ಯಲು ಬರಲಿಲ್ಲ, ನಾನು ನೀಲವ್ವನನ್ನು ಮತ್ತೆ ನೋಡಲೂ ಇಲ್ಲ. ಅವತ್ತು ಅವಳು ಚೀಲಗಳ ಮೇಲೆ ಹತ್ತಿ ಕೂತಿದ್ದಳು.

"ಅಲ್ಲೆ ಹಿತ್ತಲ ಐತೇನ?" ಎಂದು ಕೇಳಿದೆ.

"ಎಲ್ಲೀದು? ಮ್ಯಾಲಿನ ಮಾಳಗಿ. ನೆಲಾ ಇಲ್ಲಂತ."

"ನೆಲಾ ಇಲ್ಲಂದಮ್ಯಾಲ ಈ ಮಣ್ಣ ಯಾಕ ಹೊತಗೊಂಡ ಹೊಂಟೀಯ, ಹುಚ್ಚಿ?"

"ನೆಲಾ ಇಲ್ಲಂತನ ಒಯ್ಯಾಕತ್ತೀನವಾ," ಎಂದಳು. ಲಾರಿ ಹೊರಟಿತು.