ಕಟ್ಟು ಹಾಕಿಸಿದ ಸರ್ಟಿಫಿಕೇಟು

ಮಿತ್ರರೇ, ಇವತ್ತು ನಾನೂ ಮಗಳು ಸುಮಾಳೂ ಗೋಡೆಯ ಮೇಲಿನ ಫೋಟೋ ಹೊತ್ತುಕೊಂಡು ಮುಂಬೈಯ ಘಾಟ್ಕೋಪರಿನಲ್ಲಿ ಲೋಕಲ್ ರೈಲು ಹತ್ತಿದೆವು. ದೇವರ ಫೋಟೋ ಅಲ್ಲ, ಅವಳಿಗೆ ಯೂನಿವರ್ಸಿಟಿ ಕೊಟ್ಟ ಲಾಂಗ್ ಜಂಪ್ ಸರ್ಟಿಫಿಕೇಟು. ಕಾಲೇಜಿನ ಆಟಗಾರರಿಗೆ ಎಂ.ಎ. ಓದಲು ಕೊಡುವ ಸ್ಕಾಲರ್‌ಶಿಪ್ಪಿಗೆ ಅಸಲು ಪ್ರತಿಯನ್ನೇ ತೋರಿಸಬೇಕಂತೆ. ಅದು ಹಲಗೆಗೆ ಅಂಟಿಹೋಗಿತ್ತು, ಹಾಗಾಗಿ ಕಟ್ಟಿನ ಸಮೇತ ಒಯ್ದೆವು. ಸ್ಕಾಲರ್‌ಶಿಪ್ ಸಿಕ್ಕರೆ ಓದು, ಇಲ್ಲದಿದ್ದರೆ ಟೈಪ್‌ರೈಟಿಂಗ್ ಕ್ಲಾಸು.

ಸ್ಕಾಲರ್‌ಶಿಪ್ ಆಫೀಸಿನ ಗುಮಾಸ್ತ, ನನ್ನ ಹೆಂಡತಿ ಗಾಜಿನ ಮೇಲೆ ಹಚ್ಚಿದ್ದ ಅರಿಸಿನ ಕುಂಕುಮ ನೋಡಿದ. ಆಮೇಲೆ ಕೆಳಗಿನ ಅಂಚಿಗೆ ಬೆರಳಿಟ್ಟ. "ಹಲ್ದಿ-ಕುಂಕುಮ್ ತೋ ಹೈ ಸಾಬ್, ಸಹಿ ಕಹಾಂ ಹೈ?"

ಸಹಿ ಇರಲಿಲ್ಲ. ಪಕ್ಕದ ವೆಂಕಟರಮಣನ ಫೋಟೋಗೆ ಸರಿಸಮ ಕಾಣಲಿ ಎಂದು ಕಟ್ಟು ಹಾಕುವವನಿಗೆ ಅಳತೆ ಕೊಟ್ಟವನು ನಾನೇ. ಹೆಚ್ಚಾದ ಕಾಗದವನ್ನು ಅವನು ನೀಟಾಗಿ ಕತ್ತರಿಸಿದ್ದ. ಎರಡು ವರ್ಷ ದಿನಾ ಕೈಮುಗಿದರೂ ಅದರ ಜೊತೆ ಸಹಿಯೂ ಹೋದದ್ದು ಮನೆಯಲ್ಲಿ ಯಾರಿಗೂ ಕಂಡಿರಲಿಲ್ಲ.

"ಅಪ್ಪಾ, ಜಂಪ್ ನಂದು, ಕಟಿಂಗ್ ನಿಮ್ದು," ಎಂದಳು ಸುಮಾ. ಬೈದಿದ್ದರೆ ವಾಸಿಯಿತ್ತು.

ಗುಮಾಸ್ತ ಪುಣ್ಯಾತ್ಮ, ಶನಿವಾರದವರೆಗೆ ಸಮಯ ಕೊಟ್ಟ. ಅಲ್ಲಿಂದ ನೇರವಾಗಿ ಯೂನಿವರ್ಸಿಟಿಗೆ ಹೋಗಿ ಡೂಪ್ಲಿಕೇಟ್ ಸರ್ಟಿಫಿಕೇಟಿಗೆ ಅರ್ಜಿ ತುಂಬಲು ಕುಳಿತೆವು. 'ಅಸಲು ಪ್ರತಿ ಹಾಳಾದ ಕಾರಣ' ಎಂಬ ಕಾಲಮ್ಮಿಗೆ ಬಂದು ನನ್ನ ಪೆನ್ನು ನಿಂತಿತು.

"ಬರೀರಿ ಅಪ್ಪಾ, ಪೇರೆಂಟ್ಸ್ ಪ್ರೀತಿ," ಎಂದಳು.

ನಾನು 'ಕಣ್ತಪ್ಪು' ಎಂದು ಬರೆದು ಅರ್ಜಿಯ ಕೊನೆಗೆ ಸಹಿ ಮಾಡಿದೆ. ಅಂಚಿನಿಂದ ನಾಲ್ಕು ಬೆರಳು ಮೇಲಕ್ಕೇ ಮಾಡಿದ್ದೇನೆ.