ಮೂಕಿ ಭಾರ ತೂಗುತ್ತಿದ್ದ ಆಂಟಿ

ಆಂಟಿಯ ಬೆರಳಿನ ಗೆಣ್ಣುಗಳು ಊದಿಕೊಂಡು, ಕೈಯಲ್ಲಿದ್ದ ಎರಡು ಚಿನ್ನದ ಬಳೆ ಕಳಚಲು ಬರುತ್ತಿರಲಿಲ್ಲ. ಅವನ್ನು ಮೊಣಕೈವರೆಗೆ ಏರಿಸಿ, ಕೊತ್ತಂಬರಿ ಕಟ್ಟಿನ ನೀಲಿ ರಬ್ಬರ್ ಬ್ಯಾಂಡ್ ಸುತ್ತಿ, ಆಮೇಲೆ ಟ್ರೇಲರಿನ ಸರಪಳಿಗೆ ಕೈ ಹಾಕುತ್ತಿದ್ದರು. ಹಣೆಯಲ್ಲಿ ಸಣ್ಣ ಕಪ್ಪು ಬೊಟ್ಟು. ಚೂಡಿದಾರದ ಮೇಲೆ ತೀರಿಹೋದ ಗಂಡನ ಜಾಕೆಟ್ಟು, ಅದರ ತೋಳಿನ ತುಂಬ ಗ್ರೀಸು. ನನ್ನ ಕಣ್ಣಿಗೆ ಕಟ್ಟಿರುವ ಆಂಟಿ ಇವರು. ದೇವಸ್ಥಾನದ ಫೋಟೋಗಳಲ್ಲಿ ರೇಷ್ಮೆ ಸೀರೆ ಉಟ್ಟು ನಗುತ್ತಿರುವವರು ಬೇರೆ ಯಾರೋ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮದ್ದೂರಿನ ಹತ್ತಿರ ಎತ್ತಿನ ಗಾಡಿ ಹೊಡೆದು, ಲಾರಿ ರಿಪೇರಿ ಕಲಿತು, ಹೆಂಡತಿಯ ಮನೆಯವರ ಕಡೆಯಿಂದ ಈ ದೇಶಕ್ಕೆ ಬಂದೆ. ಪಾರ್ಸಿಪನಿ ಹತ್ತಿರದ ಒಂದು ಟ್ರೇಲರ್ ಅಂಗಡಿಯಲ್ಲಿ ಕೆಲಸ. ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿಗೆ ಹಿಚ್ ಅನ್ನುತ್ತಾರೆ, ನಾನು ಕೂಡಿಸಿದ ಹಿಚ್ ಇವತ್ತಿನವರೆಗೆ ದಾರಿಯಲ್ಲಿ ಕಳಚಿಲ್ಲ; ಇದನ್ನು ಎದೆ ತಟ್ಟಿ ಹೇಳುತ್ತೇನೆ. ನಮ್ಮವರು ಅಂಗಡಿಗೆ ಬಂದರೆ ಮೊದಲು ಕನ್ನಡದಲ್ಲೇ ಶುರು ಮಾಡುತ್ತಾರೆ, ಯಾವ ಕಂಪನಿ ಅಂತ ಕೇಳುತ್ತಾರೆ. ಇದೇ ನನ್ನ ಕೆಲಸ ಅಂದ ತಕ್ಷಣ ಇಂಗ್ಲಿಷಿಗೆ ತಿರುಗುತ್ತಾರೆ. ಆಂಟಿ ತಿರುಗಲಿಲ್ಲ.

"ಯಾವೂರಪ್ಪಾ?"

"ಮದ್ದೂರು ಪಕ್ಕ, ಆಂಟಿ."

"ಎತ್ತಿನ ಗಾಡಿ ಹೊಡೆದಿದ್ದೀಯಾ?"

"ಹೊಡೆಯದೆ ಏನು!"

"ಹಾಗಾದ್ರೆ ನೀನೇ ಸರಿ. ಈ ಮನುಷ್ಯ ಒಂದು ಮನೇನೇ ನನ್ನ ತಲೆಗೆ ಕಟ್ಟಿ ಹೋಗಿಬಿಟ್ಟಿದ್ದಾರೆ. ಎಳೆಯೋದು ಹೇಗೆ ಹೇಳಿಕೊಡು."

ಮನೆ ಅಂದರೆ ಟ್ರಾವೆಲ್ ಟ್ರೇಲರ್. ಒಳಗೇ ಮಂಚ, ಒಲೆ, ನೀರಿನ ಟ್ಯಾಂಕು, ಎಲ್ಲಾ ಇರುವಂಥದ್ದು. ಅವರ ಗಂಡ ಡಾಕ್ಟರು, ರಿಟೈರ್ ಆದ ಮೇಲೆ ಆಸೆಪಟ್ಟು ಕೊಂಡಿದ್ದರು. ಒಂದೇ ಒಂದು ಸಲ ಹೊರಗೆ ತೆಗೆದಿದ್ದರು, ಅಷ್ಟರಲ್ಲಿ ಹೋದರು. ಮಾರಿಬಿಡಮ್ಮಾ ಅಂತ ಮಗ. ಆಂಟಿ ಮಾರಲಿಲ್ಲ, ಕಲಿಯುತ್ತೇನೆ ಅಂದರು. ಮದುವೆಗೆ ಮುಂಚೆ ಮೈಸೂರಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದವರು.

ಒಂದು ರಜೆಯ ದಿನ ಅವರ ಮನೆಗೆ ಹೋದೆ. ಟ್ರೇಲರಿನ ಮುಂದೆ ಕಬ್ಬಿಣದ ಕೋಲು ಚಾಚಿಕೊಂಡಿರುತ್ತದಲ್ಲ, ಅದೇ ಎಳೆಯುವ ಪಿಕಪ್ ಗಾಡಿಯ ಹಿಂದಿನ ಗುಂಡಿನ ಮೇಲೆ ಕೂರುವುದು. ಇಲ್ಲಿ ಅದನ್ನು ಟಂಗ್ ಅನ್ನುತ್ತಾರೆ. ನಾನು ಮೂಕಿ ಅಂದೆ, ನಮ್ಮ ಎತ್ತಿನ ಗಾಡಿಯ ನೊಗ ಕಟ್ಟುವ ಮೂಕಿ ಹಾಗೇ ಇದೂ ಅಂತ. ಗಾಡಿಯಲ್ಲಿ ಹಿಂದಕ್ಕೆ ಭಾರ ಬಿದ್ದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಹಗ್ಗ ಬಿಗಿಯುತ್ತದೆ, ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಮುರಿಯುತ್ತದೆ. ಇಲ್ಲೂ ಅಷ್ಟೇ. ಮೂಕಿಯ ಮೇಲೆ ಭಾರ ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು, ಮುಂದಿನ ಚಕ್ರ ಹಗುರವಾಗಿ, ಸ್ಟೀರಿಂಗು ಮಾತು ಕೇಳುವುದಿಲ್ಲ. ಕಡಿಮೆಯಾದರೆ ಇನ್ನೂ ಕೆಟ್ಟದ್ದು. ಹೈವೇಯಲ್ಲಿ ಟ್ರೇಲರು ಬಾಲ ಬೀಸಲು ಶುರುಮಾಡುತ್ತದೆ, ಆಮೇಲೆ ಪಿಕಪ್ಪನ್ನೇ ಮಗುಚಿ ಹಾಕುತ್ತದೆ.

"ಎಷ್ಟಿರಬೇಕು ಅಂತ ಲೆಕ್ಕ ಹೇಳು."

"ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಆಂಟಿ."

"ಅಂದ್ರೆ ಇದಕ್ಕೆ ಎಷ್ಟಾಯ್ತು?"

ಅಂಗಡಿಯಲ್ಲಿ ಕೇಳಿ ಕಲಿತ ಮಾತು ಅದು. ಎತ್ತಿ ನೋಡಿ ಅಂದಾಜು ಹೇಳುವುದು ನನ್ನ ಕೈಗೆ ಗೊತ್ತಿತ್ತು, ನೂರಕ್ಕೆ ಇಷ್ಟು ಅನ್ನುವುದನ್ನು ಬಿಡಿಸಲು ಬರುತ್ತಿರಲಿಲ್ಲ. ಆಂಟಿ ನಗಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ. ಸೀಮೆಸುಣ್ಣ ತಂದು ಮನೆ ಮುಂದಿನ ಡ್ರೈವ್‌ವೇ ಮೇಲೆ ಕೂತರು. ಒಂದು ದಪ್ಪ ಹಲಗೆ ತರಿಸಿ, ಅದರ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಡಿಸಿದರು. ಮೂಕಿ ಇಟ್ಟಿಗೆಯಿಂದ ಒಂದು ಅಡಿಗೆ, ಯಂತ್ರದಿಂದ ಎರಡು ಅಡಿಗೆ. "ಯಂತ್ರ ತೋರಿಸೋದರ ಮೂರರಷ್ಟು ನಿನ್ನ ಮೂಕಿ ಭಾರ. ನೇರವಾಗಿ ಇಟ್ಟಿದ್ರೆ ಯಂತ್ರ ಪುಡಿಪುಡಿ." ಆವತ್ತು ಸಂಜೆಯವರೆಗೆ ನೀರಿನ ಟ್ಯಾಂಕು ತುಂಬಿಸಿ ತೂಗಿದೆವು, ಖಾಲಿ ಮಾಡಿ ತೂಗಿದೆವು, ಅಕ್ಕಿಮೂಟೆ ಮಂಚದ ಕೆಳಗಿಟ್ಟು ತೂಗಿದೆವು, ಮುಂದಕ್ಕೆ ಸರಿಸಿ ತೂಗಿದೆವು. ಪ್ರತಿ ಸಲವೂ ಲೆಕ್ಕ ನನ್ನ ಕೈಲೇ ಮಾಡಿಸಿದರು. ಇವತ್ತು ಗಿರಾಕಿಯ ಮುಂದೆ ನಿಂತು ಲೆಕ್ಕ ಒಪ್ಪಿಸುತ್ತೇನಲ್ಲ, ಅದು ಅವರು ಡ್ರೈವ್‌ವೇ ಮೇಲೆ ಕೂತು ಹಾಕಿಕೊಟ್ಟ ಅನ್ನ.

ಆಮೇಲೆ ಆಂಟಿ ಒಬ್ಬರೇ ಹೋಗಿಬರತೊಡಗಿದರು. ಕೆರೆ ಅಂತ, ಕಾಡು ಅಂತ, ಮೇಯ್ನ್ ರಾಜ್ಯ ಅಂತ. ಹೊರಡುವ ಮುಂಚೆ ತೂಗದೆ ಚಕ್ರ ಉರುಳಿಸಿದ್ದಿಲ್ಲ. ಕರೆಯದಿದ್ದರೂ ನೆರವಿಗೆ ಅಂತ ನಾನೇ ಹೋದರೆ "ತೂಗೋಕೆ ಬರಬೇಡ, ತಿಂಡಿಗೆ ಬಾ" ಅನ್ನುವರು. ದೇವಸ್ಥಾನದವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಗಂಡ ಹೋದ ಮೇಲೆ ರೆಕ್ಕೆ ಬಂದಿದೆ ಅಂತ ಒಬ್ಬಾಕೆ ಅಂದದ್ದು ನನ್ನ ಕಿವಿಗೇ ಬಿತ್ತು. ಆಂಟಿಗೆ ಹೇಳಿದೆ. "ರೆಕ್ಕೆ ಅಲ್ಲ ಕಣೋ, ನಾಲ್ಕು ಚಕ್ರ" ಅಂದು ಕಾಫಿಗೆ ಸಕ್ಕರೆ ಹಾಕಿದರು.

ಒಂದು ಶನಿವಾರ ಪೆನ್ಸಿಲ್ವೇನಿಯಾದ ಒಂದು ಕುಂಭಾಭಿಷೇಕಕ್ಕೆ ದೇವಸ್ಥಾನದವರೆಲ್ಲರೂ ಹೊರಟರು. ಆಂಟಿಯ ಗಾಡಿಯಲ್ಲಿ ನಾನೂ ಹೊರಟೆ. ಮನೆಯಲ್ಲೇ ತೂಗಿ, ಸರಿಯಾಗಿದೆ ಅಂತ ನೋಡಿ, ದೇವಸ್ಥಾನಕ್ಕೆ ಬಂದೆವು. ಕಮಿಟಿಯವರು ಉಪ್ಪಿಟ್ಟು ತಿಂದೇ ಹೋಗಬೇಕು ಅಂತ ಒಳಗೆ ಕರೆದುಕೊಂಡು ಹೋದರು. ತಿಂದು ಬರುವಷ್ಟರಲ್ಲಿ ಟ್ರೇಲರಿನ ಬಾಗಿಲು ಹಾಕುತ್ತಿದ್ದರು.

"ಹೇಗೂ ಹೋಗ್ತಿದ್ದೀರಲ್ಲ ಆಂಟಿ, ಒಂದೆರಡು ಸಾಮಾನು ಇಟ್ಟಿದ್ದೀವಿ" ಅಂದರು ಕಮಿಟಿಯ ಒಬ್ಬರು.

"ಎಲ್ಲಿ ಇಟ್ರಿ? ಹಿಂದಕ್ಕೆ ಇಟ್ಟಿಲ್ಲ ತಾನೇ?"

"ಎಲ್ಲಾ ಮುಂದೇನೇ ಇದೆ ಆಂಟಿ, ಯೋಚನೆ ಮಾಡ್ಬೇಡಿ."

"ಒಂದು ಸಲ ನೋಡಿಬಿಡ್ತೀನಿ."

"ರಾಹುಕಾಲ ಬರ್ತಾ ಇದೆ ಆಂಟಿ! ನಿಮ್ಮ ಹಿಂದೆ ಐದಾರು ಕಾರು ಕಾಯ್ತಾ ಇವೆ."

ಭಟ್ಟರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೇಬಿಟ್ಟರು. ಹೊರಟೆವು.

ಏಯ್ಟಿ ನಂಬರಿನ ಹೈವೇಗೆ ಬಂದು ವೇಗ ಏರಿದ ಮೇಲೆ ಆಂಟಿ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ಮೂಕಿ ಹಗುರ ಇದೆ ಕಣೋ. ಸೀಟಲ್ಲಿ ಕೂತೇ ನನಗೆ ಗೊತ್ತಾಗ್ತಿದೆ. ಮುಂದೆ ಎಲ್ಲಿ ನಿಲ್ಲಿಸಬಹುದು ನೋಡು." ನಾನು ಫೋನಿನಲ್ಲಿ ರೆಸ್ಟ್ ಏರಿಯಾ ಹುಡುಕುತ್ತಿದ್ದೆ. ಡೆಲವೇರ್ ನದಿಯ ಕಡೆಗೆ ಇಳಿಜಾರು. ಒಂದು ದೊಡ್ಡ ಟ್ರಕ್ಕು ಪಕ್ಕದಿಂದ ಗಾಳಿ ಎಬ್ಬಿಸಿಕೊಂಡು ಹೋಯಿತು. ಹಿಂದಿನಿಂದ ಯಾರೋ ಜಗ್ಗಿದ ಹಾಗೆ ಪಿಕಪ್ಪು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ಕನ್ನಡಿಯಲ್ಲಿ ಟ್ರೇಲರು ಒಮ್ಮೆ ಈ ಕಡೆ ಒಮ್ಮೆ ಆ ಕಡೆ. ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಆಂಟಿ ಬ್ರೇಕ್ ಮುಟ್ಟಲಿಲ್ಲ. ಆಕ್ಸಲರೇಟರಿನಿಂದ ಕಾಲು ತೆಗೆದರು, ಸ್ಟೀರಿಂಗನ್ನು ನೆಟ್ಟಗೆ ಹಿಡಿದರು, ಬಲಗೈಯಿಂದ ಟ್ರೇಲರಿನದೇ ಬ್ರೇಕಿನ ಸಣ್ಣ ಹಿಡಿಯನ್ನು ಮೆಲ್ಲಗೆ ಒತ್ತಿದರು. ಬೀಸುವುದು ನಿಂತಿತು. ದಾರಿಯ ಅಂಚಿಗೆ ಬಂದು ನಿಂತ ಮೇಲೆ, "ಉಸಿರು ಬಿಡಪ್ಪಾ, ನಿನ್ನದೂ ಸೇರಿಸಿ ಹಿಡ್ಕೊಂಡಿದ್ದೆ" ಅಂದರು.

ಬಾಗಿಲು ತೆಗೆದು ನೋಡಿದರೆ, ಹಿಂದಿನ ಮಂಚದ ಮೇಲೆ ಕೆಳಗೆ ಅಕ್ಕಿಮೂಟೆ, ಬೇಳೆ ಮೂಟೆ, ಹಿತ್ತಾಳೆ ದೀಪ, ಕೊಪ್ಪರಿಗೆ. ಮುಂದೆ ಒಂದು ತೆಂಗಿನಕಾಯಿಯೂ ಇರಲಿಲ್ಲ. ಇಬ್ಬರೂ ಹೊತ್ತು ಮುಂದಕ್ಕೆ ಸಾಗಿಸಿದೆವು. ಹಿಂದೆ ಬರುತ್ತಿದ್ದ ಕಮಿಟಿಯವರ ಕಾರು ನಿಂತಿತು. ಇಳಿದವನು ಒಂದು ಮೂಟೆಗೂ ಕೈ ಕೊಡಲಿಲ್ಲ. ಅವನ ಕೈಯಲ್ಲಿ ಫೋನಿತ್ತು. ಟ್ರೇಲರು ಓಲಾಡುವುದನ್ನು ಅವನ ಹೆಂಡತಿ ವಿಡಿಯೋ ಮಾಡಿದ್ದಳು.

ನಾವು ಕುಂಭಾಭಿಷೇಕಕ್ಕೆ ತಲುಪುವ ಮುಂಚೆ ವಿಡಿಯೋ ಎಲ್ಲ ಗ್ರೂಪಿಗೂ ತಲುಪಿತ್ತು. ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ಅಂತ ಅದರ ಕೆಳಗೆ ಕೈ ಮುಗಿದ ಚಿತ್ರಗಳು.

ಮರುವಾರ ಮಗ ಪಿಸ್ಕಾಟವೇಯಿಂದ ಆಂಟಿಯ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ.

"ಇನಫ್ ಅಮ್ಮಾ. ಆಫೀಸಲ್ಲೂ ಕೇಳ್ತಿದ್ದಾರೆ. ಯು ಕುಡ್ ಹ್ಯಾವ್ ಕಿಲ್ಡ್ ಸಮ್‌ಬಡಿ."

"ಭಾರ ಹಿಂದಕ್ಕೆ ಹಾಕಿದ್ದು ಯಾರು ಅಂತ ಕೇಳಿದ್ಯಾ?"

"ಯಾರು ಹಾಕಿದ್ರೇನು?" ಅಂತ ನನ್ನ ಕಡೆ ತಿರುಗಿದ. "ನೀವಾದ್ರೂ ಹೇಳ್ಬಾರ್ದಾ?"

"ಹೇಳೋದೇನಿದೆ ಸಾರ್? ಅವತ್ತು ಬೇರೆ ಯಾರಾದ್ರೂ ಓಡಿಸಿದ್ರೆ ನಾನು ಇಲ್ಲಿ ನಿಂತಿರ್ತಿರಲಿಲ್ಲ."

"ಪ್ಲೀಸ್, ಇದು ನಮ್ಮ ಫ್ಯಾಮಿಲಿ ವಿಷಯ" ಅಂದ. ಕೇಳಿದವನೂ ಅವನೇ.

ಆಂಟಿ ಕಮಿಟಿಯವರಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. "ನೀವು ಹಿಂದಕ್ಕೆ ಮೂಟೆ ಹಾಕಿದ್ದು, ಮುಂದೆ ಇದೆ ಅಂದಿದ್ದು, ಇಷ್ಟನ್ನ ನನ್ನ ಮಗನಿಗೆ ಹೇಳಿಬಿಡಿ, ಸಾಕು." ಆ ಕಡೆಯಿಂದ ನಗು. "ಈಗ್ಯಾಕೆ ಆಂಟಿ ಅದೆಲ್ಲ? ದೇವರ ಸಾಮಾನು, ಏನೂ ಆಗಲಿಲ್ಲವಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದಾರೆ ಅವರು." ಇನ್ನೊಬ್ಬರಿಗೆ ಮಾಡಿದರು. ಅವರು ಎತ್ತಲೇ ಇಲ್ಲ.

ಆಂಟಿ ಒಳಗೆ ಹೋಗಿ ಪಿಕಪ್ಪು, ಟ್ರೇಲರು ಎರಡರ ಕೀಲಿಯನ್ನೂ ತಂದು ಮಗನ ಕೈಗೆ ಕೊಟ್ಟರು. ನನಗೆ ಸಿಟ್ಟು ಬಂತು, ಇವತ್ತಿಗೂ ಇಳಿದಿಲ್ಲ. ಮಗ ಹೋದ ಮೇಲೆ ಕೇಳಿಯೇ ಬಿಟ್ಟೆ, ಯಾಕೆ ಕೊಟ್ರಿ ಅಂತ. "ಮಗನ ಹತ್ರ ಗೆದ್ದು ಎಲ್ಲಿಗೆ ಹೋಗ್ಲಿ ಹೇಳು" ಅಂದರು.

ಟ್ರೇಲರು ಹೋಯಿತು, ಆಮೇಲೆ ಮನೆಯೂ ಹೋಯಿತು. ಆಂಟಿ ಮಗನ ಮನೆಯ ಕೆಳಗಿನ ರೂಮಿಗೆ ಹೋದರು. ಆಗಾಗ ಫೋನು ಮಾಡಿ, "ಇವತ್ತು ಯಾವ ಗಾಡಿ ಬಂತು? ಮೂಕಿ ಎಷ್ಟು ತೂಗ್ತು?" ಅಂತ ಕೇಳುವರು. ನಾನು ಹೇಳುವೆ, ಅವರು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿ "ಸರಿ ಇದೆ, ಕಳಿಸು" ಅನ್ನುವರು. ಒಂದು ಚಳಿಗಾಲದಲ್ಲಿ ಫೋನು ನಿಂತಿತು. ನಿದ್ದೆಯಲ್ಲೇ ಹೋದರಂತೆ. ನನಗೆ ತಿಳಿದದ್ದು ಆ ಗ್ರೂಪಿನಿಂದ.

ವೈಕುಂಠ ಸಮಾರಾಧನೆ ಅದೇ ದೇವಸ್ಥಾನದ ಹಾಲ್‌ನಲ್ಲಿ. ಅಮ್ಮನಿಗೆ ಟ್ರಾವೆಲ್ ಅಂದ್ರೆ ಪ್ರಾಣ ಅಂತ ಮಗ ಮೈಕಿನಲ್ಲಿ ಹೇಳಿದ. ಪರದೆಯ ಮೇಲೆ ಟ್ರೇಲರಿನ ಪಕ್ಕ ನಿಂತ ಆಂಟಿ. ಎಲ್ಲರೂ ಕಣ್ಣೊರೆಸಿಕೊಂಡರು, ಕಮಿಟಿಯವರೂ. ಊಟದ ಸಾಲಿನಲ್ಲಿ ಮಗ ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕದವರಿಗೆ ಪರಿಚಯ ಮಾಡಿಸಿದ: "ಇವರು ಅಮ್ಮನ ಡ್ರೈವರ್. ಆ ಟ್ರೇಲರ್ ಎಲ್ಲಾ ಇವರೇ ಓಡಿಸ್ತಿದ್ದಿದ್ದು."

"ನಾನು ಒಂದು ಸಲಾನೂ ಓಡಿಸಿಲ್ಲ" ಅಂದೆ. ದನಿ ಜೋರಾಯಿತು. "ಓಡಿಸ್ತಿದ್ದೋರು ಅವರು. ಭಾರ ಹಿಂದಕ್ಕೆ ತುಂಬಿದ್ದೋರು ಎದುರಿನ ಸಾಲಲ್ಲಿ ಕೂತಿದ್ದಾರೆ, ಕೇಳಿ."

ಎದುರಿನವರು ಎಲೆ ನೋಡಿಕೊಂಡರು. "ಊಟ ಮಾಡಿ, ಊಟ ಮಾಡಿ, ಆಮೇಲೆ ಮಾತಾಡೋಣ" ಅಂತ ಯಾರೋ ಅಂದರು. ಬಡಿಸುವವನು ನನ್ನ ಎಲೆಗೆ ಹಯಗ್ರೀವ ಹಾಕಿ ಮುಂದೆ ಹೋದ. ಕೈ ತೊಳೆದು ಬಾಗಿಲ ಹತ್ತಿರ ಕಾದೆ. ಆಮೇಲೆ ಯಾರೂ ಮಾತಾಡಲಿಲ್ಲ.

ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಅವತ್ತು ಏಯ್ಟಿ ಮೇಲೆ ಗಾಡಿ ಓಡಿಸಿದವರು ಆಂಟಿ. ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ, ಅಷ್ಟೇ.